ಕನಸಾರಿಯ ಬಾಲಚುಕ್ಕಿ

ಪೀಳಮೇಡಿನ ಹಿಂಬೀದಿಯಲ್ಲಿದ್ದ ದೊರೈಸಾಮಿಯ ಪಟ್ಟರೆಗೆ, ಅಂದರೆ ಕೆಲಸದ ಮನೆಗೆ, ಹೆಸರಿನ ಫಲಕವೇ ಇರಲಿಲ್ಲ. ಕೊಯಮತ್ತೂರಿನಲ್ಲಿ ಪಂಪು ಎರಕ ಹೊಯ್ಯುವವರಿಗೆಲ್ಲ ಅವನ ಬಾಗಿಲು ಗೊತ್ತಿತ್ತು. ಕಬ್ಬಿಣದಲ್ಲಿ ಏನು ಮಾಡಬೇಕಾದರೂ ಮೊದಲು ಅದರ ಆಕಾರವನ್ನು ಮರದಲ್ಲಿ ಕೆತ್ತಬೇಕು. ಆ ಮರವನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಗುಳಿಗೆ ಕಾದ ಲೋಹ ಹೊಯ್ಯುತ್ತಾರೆ. ಹಾಗೆ ಕೆತ್ತಿದ ಮರಕ್ಕೆ ಊರಿನ ಎಲ್ಲರೂ ಪ್ಯಾಟರ್ನ್ ಎನ್ನುತ್ತಿದ್ದರು, ದೊರೈಸಾಮಿಗೆ ಪ್ಯಾಟರ್ನ್‌ಕಾರ ಎನ್ನುತ್ತಿದ್ದರು. ಅವನಿಗೆ ತನ್ನ ಕೈಯ ಮೇಲೆ ಬಹಳ ನಂಬಿಕೆ. "ನೀವು ಮನಸಲ್ಲಿ ನೆನೆಸಿದ್ದು ನನಗೆ ಒಂದ್ಸಲ ಹೇಳಿ. ನಾನು ನಿಮ್ಮ ಕೈಗೆ ಕೊಡ್ತೀನಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹೇಳಿದಂತೆ ಮಾಡಿಯೂ ಕೊಡುತ್ತಿದ್ದ.

ಅವನದು ಧಾರಾಪುರದ ಕಡೆಯ ಒಕ್ಕಲು ಮನೆತನ. ಎಷ್ಟೋ ತಲೆಮಾರಿನಿಂದ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಣ್ಣ ರಂಗಸಾಮಿ ಅಮರಾವತಿ ದಂಡೆಯ ಜಮೀನು ನೋಡಿಕೊಂಡು ಊರಲ್ಲೇ ಇದ್ದ. ತಮ್ಮ ಉಳಿ ಹಿಡಿದು ಪಟ್ಟಣ ಸೇರಿದ್ದು ನೆಂಟರಿಗೆ ನಗೆಯ ವಿಷಯ. "ಗೌಡರ ಮನೇಲಿ ಹುಟ್ಟಿ ಆಸಾರಿ ಆಗ್ಬುಟ್ಟ" ಎನ್ನುತ್ತಿದ್ದರು. ಆಸಾರಿ ಎಂದರೆ ಮರಗೆಲಸದವರು. ದೊರೈಸಾಮಿಗೆ ಉಳಿ ಹಿಡಿಯಲು ಕಲಿಸಿದ್ದೇ ಒಬ್ಬ ಮುದುಕ ಆಸಾರಿ. ಹಾಗಾಗಿ ಆ ಮಾತು ಅವನಿಗೆ ಚುಚ್ಚುತ್ತಿರಲಿಲ್ಲ. ಯಾರಾದರೂ ಹಾಗೆ ಕರೆದರೆ "ಆಮಾ, ಆಸಾರಿಯೇ. ಏನು ಮಾಡಬೇಕು ಹೇಳಿ?" ಎಂದು ಕೇಳುತ್ತಿದ್ದ.

1986ರ ಪೊಂಗಲ್ ಕಳೆದ ಮೇಲೆ ಒಂದು ಬೆಳಿಗ್ಗೆ ಪಟ್ಟರೆಗೆ ಕನ್ನಡಕ ಹಾಕಿದ ಹೆಂಗಸೊಬ್ಬಳು ಬಂದಳು. ಹೆಸರು ಪದ್ಮಾಕ್ಷಿ. ಕಣ್ಣು ಕಾಣದ ಹೆಣ್ಣುಮಕ್ಕಳಿಗಾಗಿ ನಡೆಯುತ್ತಿದ್ದ ಒಂದು ಹಾಸ್ಟೆಲ್ ಶಾಲೆಯಲ್ಲಿ ವಿಜ್ಞಾನದ ಟೀಚರು. ತಮಿಳಿನಲ್ಲಿ ಮಾತು ಶುರು ಮಾಡಿದಳು. ಬಾಲಚುಕ್ಕಿ ಬರುತ್ತಿದೆಯಲ್ಲ, ಅದನ್ನು ಮುಟ್ಟಿ ನೋಡುವ ಹಾಗೆ ಮಾಡಿಕೊಡಬೇಕು ಎಂದಳು.

ದೊರೈಸಾಮಿ ಉಳಿ ಕೆಳಗಿಟ್ಟ. ಹ್ಯಾಲಿ ಧೂಮಕೇತುವಿನ ಸುದ್ದಿ ಆಗ ಪೇಪರಿನಲ್ಲಿ, ರೇಡಿಯೋದಲ್ಲಿ, ಟೀ ಅಂಗಡಿಯಲ್ಲಿ ಎಲ್ಲ ಕಡೆಯೂ ಇತ್ತು. ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಚುಕ್ಕಿ. ಎಲ್ಲರೂ ನೋಡಲು ಕಾಯುತ್ತಿದ್ದರು.

"ಡ್ರಾಯಿಂಗ್ ಇದೆಯಾ?"

"ಇಲ್ಲ. ಮೂರು ವರ್ಕ್‌ಶಾಪಲ್ಲಿ ಇದನ್ನೇ ಕೇಳಿ ಕಳಿಸಿಬಿಟ್ಟರು. ನನ್ನ ಹತ್ತಿರ ಒಂದು ಹುಡುಗಿ ಕೇಳಿದ ಪ್ರಶ್ನೆ ಮಾತ್ರ ಇದೆ."

ಆ ಹುಡುಗಿ ರಾಮಾತಾಳ್. ಆನೈಮಲೈ ಕಡೆಯವಳು, ಹದಿನಾಲ್ಕರ ವಯಸ್ಸು, ಹುಟ್ಟಿನಿಂದ ಕಣ್ಣಿಲ್ಲ. ಧೂಮಕೇತುವಿನ ಬಾಲ ಯಾವಾಗಲೂ ಸೂರ್ಯನಿಗೆ ಬೆನ್ನು ಹಾಕಿಕೊಂಡೇ ಇರುತ್ತದೆ, ವಾಪಸ್ಸು ಹೋಗುವಾಗ ಬಾಲವೇ ಮುಂದೆ ಹೋಗುತ್ತದೆ ಎಂದು ಪದ್ಮಾಕ್ಷಿ ಕ್ಲಾಸಿನಲ್ಲಿ ಹೇಳಿದ್ದಳು. ರಾಮಾತಾಳ್ ಒಪ್ಪಲಿಲ್ಲ. ಹಸು ಹೋದ ಕಡೆ ಹಸುವಿನ ಬಾಲ ಹಿಂದೆ ಬರಬೇಕಲ್ಲ, ಬಾಲ ಮುಂದೆ ಹೋಗುವ ಪ್ರಾಣಿ ಯಾವುದು ಎಂದು ಕೇಳಿದಳು. ಪದ್ಮಾಕ್ಷಿ ಅವಳ ಕೈ ಹಿಡಿದು ಗಾಳಿಯಲ್ಲಿ ಸುತ್ತಿಸಿ ತೋರಿಸಿದಳು. "ಗಾಳಿ ಗೊತ್ತಾಯ್ತು ಟೀಚರ್, ಚುಕ್ಕಿ ಗೊತ್ತಾಗಲಿಲ್ಲ" ಎಂದುಬಿಟ್ಟಳು ಹುಡುಗಿ.

ದೊರೈಸಾಮಿ ಗಟ್ಟಿಯಾಗಿ ನಕ್ಕ. ಪಟ್ಟರೆಯ ಹಿಂದೆಯೇ ಅವನ ಮನೆ. ಒಳಗೆ ತಿರುಗಿ ಹೆಂಡತಿಯನ್ನು ಕೂಗಿದ. "ಚಿನ್ನತಾಯೀ, ಎರಡು ಕಾಫಿ ತಗೊಂಡು ಬಾ. ಇಲ್ಲಿ ಒಬ್ರು ಟೀಚರಮ್ಮ ವಾನದ ಚುಕ್ಕಿಗೆ ಪ್ಯಾಟರ್ನ್ ಕೇಳ್ತಾವ್ರೆ!"

ಪದ್ಮಾಕ್ಷಿ ಥಟ್ಟನೆ ತಲೆಯೆತ್ತಿದಳು. "ಅಯ್ಯೋ, ಕನ್ನಡದವರಾ? ನಮ್ಮನೇಲೂ ಕನ್ನಡಾನೇ. ನಮ್ಮ ತಾತನ ಕಾಲದಿಂದ ಇದೇ ಊರು. ಆದರೆ ಓದಕ್ಕೆ ಮಾತ್ರ ಬರಲ್ಲ ನನಗೆ."

"ನಮಗೂ ಬರಾದಿಲ್ಲ. ಮಾತಾಡಾಕೆ ಬತ್ತದಲ್ಲ, ಸಾಕು ಬುಡಿ" ಎನ್ನುತ್ತ ಚಿನ್ನತಾಯಿ ಕಾಫಿ ತಂದಳು. ಆಮೇಲೆ ಮಾತು ಸಲೀಸಾಯಿತು. ಅವರಿಬ್ಬರ ಕನ್ನಡವೂ ಬೇರೆ ಬೇರೆ. ಒಂದು ಹೊಲದ್ದು, ಒಂದು ಪೇಟೆಯದು, ಎರಡರ ತುಂಬಾ ತಮಿಳು. ಕಾಫಿ ಮುಗಿಯುವ ಹೊತ್ತಿಗೆ ದೊರೈಸಾಮಿ ಒಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಉದ್ದನೆಯ ದಾರಿಯೊಂದನ್ನು ಬರೆದಿದ್ದ. ಒತ್ತಿ ಚಪ್ಪಟೆ ಮಾಡಿದ ಬಳೆಯ ಹಾಗಿತ್ತು ಅದು. ಸೂರ್ಯ ನಡುವಿನಲ್ಲಿರುವುದಿಲ್ಲ, ಒಂದು ಕೊನೆಗೆ ಹತ್ತಿರ ಇರುತ್ತಾನೆ ಎಂದು ಪದ್ಮಾಕ್ಷಿ ತಿದ್ದಿದಳು.

"ಮುಂದಿನ ಶನಿವಾರ ಆ ಮಗೂನ ಕರ್ಕೊಂಡು ಬನ್ನಿ" ಎಂದ ದೊರೈಸಾಮಿ. "ಕೇಳಿದೋಳೇ ಬಂದು ನೋಡ್ಲಿ."

ಶನಿವಾರ ರಾಮಾತಾಳ್ ಬಂದಳು. ದೊರೈಸಾಮಿ ತೇಗದ ಹಲಗೆಯಲ್ಲಿ ಆ ದಾರಿಯುದ್ದಕ್ಕೂ ಸಣ್ಣ ಕಾಲುವೆಯಂಥ ಗಾಡಿ ಕೊರೆದು, ಅದರಲ್ಲಿ ಒಂದು ಮರದ ಗುಂಡು ಜಾರುವಂತೆ ಮಾಡಿ, ಗುಂಡಿಗೆ ದಾರದ ಬಾಲ ಕಟ್ಟಿದ್ದ. ಒಂದು ಕೊನೆಯ ಹತ್ತಿರ ಸೂರ್ಯನಿಗೆ ಹಿತ್ತಾಳೆಯ ಗುಂಡು ಕೂರಿಸಿದ್ದ. ಬಾಲ ಹಿಂದೆ ಬೀಳುತ್ತದೆಂದು ಅವನಿಗೆ ಗೊತ್ತಿತ್ತು. ಆದರೆ ಮೊದಲು ದಾರಿಯಾದರೂ ಕೈಗೆ ಸಿಗಲಿ ಎಂದುಕೊಂಡಿದ್ದ. ರಾಮಾತಾಳ್ ಎರಡೂ ಕೈಯಲ್ಲಿ ಹಲಗೆಯನ್ನೆಲ್ಲ ತಡವಿದಳು. ಗುಂಡನ್ನು ಒಂದು ಸುತ್ತು ತಳ್ಳಿದಳು. ಬಾಲವನ್ನು ಬೆರಳಿನಲ್ಲಿ ಹಿಡಿದು ಇನ್ನೊಂದು ಸುತ್ತು ತಳ್ಳಿದಳು.

"ಮಾಮಾ, ಇದು ಎಮ್ಮೆ. ಬಾಲ ಹಿಂದೆಯೇ ಬತ್ತದೆ. ಟೀಚರ್ ಯೋಳಿದ್ದು ಇಂಗಲ್ಲ."

ಅವಳ ಬಾಯಲ್ಲಿ ಕನ್ನಡ ಕೇಳಿ ಚಿನ್ನತಾಯಿಗೆ ಖುಷಿಯೋ ಖುಷಿ. "ಯಾರ ಮನೆ ಕೂಸವ್ವಾ ನೀನು? ನಿಮ್ಮಪ್ಪ ಏನ್ ಮಾಡ್ತಾರೆ?"

"ತೆಂಗಿನ ತೋಪು ಕೊಂಚ ಅದೆ ಅತ್ತೆ. ಮತ್ತೆ ಚೆಕ್ಕು ಅದೆ, ಎಣ್ಣೆ ಗಾಣ. ಕೊಬ್ಬರಿ ಎಣ್ಣೆ ತೆಗೀತಾರೆ. ರಜಕ್ಕೆ ಊರಿಗೆ ಓದ್ರೆ ನಾನೇ ಎತ್ತಿನ ಹಿಂದೆ ಸುತ್ತಾದು. ಮರ ಹಿಡ್ಕೊಂಡ್ರೆ ಆಯ್ತು, ದಾರಿ ತಪ್ಪಲ್ಲ." ಹಾಗೆಂದವಳು ಅಲ್ಲೇ ನಿಂತಳು. ಅವಳ ಬಲಗೈ ಇಲ್ಲದ ಗಾಣದ ತೊಲೆಯನ್ನು ಹಿಡಿದಂತೆ ಮೇಲೆದ್ದಿತು. "ಟೀಚರ್! ಚೆಕ್ಕು ಮರದ ತುದಿ ಯಾವಾಗ್ಲೂ ಹೊರಗೇ ಇರ್ತದೆ ಅಲ್ವಾ? ಎತ್ತು ಎಲ್ಲಿಗೇ ಓಗ್ಲಿ, ತುದಿ ಗಾಣಕ್ಕೆ ಬೆನ್ನು ಮಾಡ್ಕೊಂಡೇ ಇರ್ತದೆ!"

ದೊರೈಸಾಮಿ ಬಡಬಡನೆ ದಾರದ ಬಾಲವನ್ನು ಕಿತ್ತು ಎಸೆದ.

"ಸೂರ್ಯ ಅಂದ್ರೆ ಗಾಣ. ಗಾಣಕ್ಕೆ ಒಂದು ಸಲಾಕೆ ಸಿಗಿಸ್ತೀನಿ. ಚುಕ್ಕೀಗೆ ತೂತು ಕೊರೆದು ಸಲಾಕೆ ಒಳಗೆ ಪೋಣಿಸ್ತೀನಿ. ಸಲಾಕೆ ಸುತ್ತಿದ ಹಾಗೆ ಚುಕ್ಕಿ ಗಾಡಿ ಇಡ್ಕೊಂಡು ಹತ್ರ ದೂರ ಜಾರ್ತದೆ. ಚುಕ್ಕಿಯಿಂದ ಆಚೆ ಚಾಚಿದ ಸಲಾಕೆಯೇ ಬಾಲ. ಸರಿಯಾ ಟೀಚರಮ್ಮ?"

"ಸರಿ, ಆದರೆ ಇನ್ನೊಂದಿದೆ" ಎಂದಳು ಪದ್ಮಾಕ್ಷಿ. ಅವಳು ಬಿಡುವವಳಲ್ಲ. "ಸೂರ್ಯನ ಹತ್ತಿರ ಬಂದಾಗ ಅದು ಓಡತ್ತೆ. ದೂರ ಹೋದಾಗ ತೆವಳತ್ತೆ. ಎಲ್ಲ ಕಡೆ ಒಂದೇ ಸ್ಪೀಡಲ್ಲಿ ತಿರುಗಿದರೆ ನಾನು ಮಕ್ಕಳಿಗೆ ಸುಳ್ಳು ಹೇಳಿದ ಹಾಗೆ."

"ಅದು ನನ್ನ ವೇಲೆ, ನನ್ನ ಕೆಲಸ" ಎಂದ ದೊರೈಸಾಮಿ. "ನೀವು ಸುಳ್ಳು ಯೋಳಾದು ಬೇಡ."

ಮಿಲ್ಲೊಂದರ ಹಳೆಯ ಯಂತ್ರದಲ್ಲಿ ಅವನು ಒಂದು ಜೊತೆ ಚಪ್ಪಟೆ ಬಳೆಯಾಕಾರದ ಹಲ್ಲುಚಕ್ರ ನೋಡಿದ್ದ. ಅಚ್ಚು ನಡುವಿನಲ್ಲಿರದೆ ಒಂದು ಬದಿಗೆ ಸರಿದಿರುತ್ತಿತ್ತು. ಒಂದು ಚಕ್ರವನ್ನು ಸಮನಾಗಿ ತಿರುಗಿಸಿದರೆ ಇನ್ನೊಂದು ಒಮ್ಮೆ ಓಡುತ್ತಿತ್ತು, ಒಮ್ಮೆ ನಿಧಾನಿಸುತ್ತಿತ್ತು. ಅದನ್ನೇ ಮರದಲ್ಲಿ ಕೆತ್ತಲು ಕೂತ. ಎರಡು ಪಂಪಿನ ಕೆಲಸವನ್ನು ಪಕ್ಕಕ್ಕಿಟ್ಟ. ಊಟಕ್ಕೆ ಕರೆದರೂ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಚಿನ್ನತಾಯಿ ತಟ್ಟೆಯನ್ನು ಪಟ್ಟರೆಗೇ ತಂದಿಟ್ಟಳು. "ಮಾವಾ, ಊರೋರು ನಿಮ್ಮನ್ನ ಆಸಾರಿ ಅಂತಾರಲ್ಲ, ತಪ್ಪು. ಆಸಾರಿ ಆಗಿದ್ರೆ ಬಾಗಿಲು ಮಾಡ್ತಿದ್ರಿ, ಮಂಚ ಕಟ್ಲು ಮಾಡ್ತಿದ್ರಿ. ಯಾರೋ ಕಂಡ ಕನಸು ತಂದು ಬಿಸಾಕಿದ್ರೆ ಅದನ್ನ ಕೆತ್ತಾಕೆ ಕೂತ್ಕೊತೀರಿ. ನೀವು ಕನಸಾರಿ!"

ಕನಸಿನ ಆಸಾರಿ ಕನಸಾರಿ. ಅರ್ಧ ಮನೆಯ ಮಾತು, ಅರ್ಧ ಬೀದಿಯ ಮಾತು. ಅವಳು ರೇಗಿಸಲು ಅಂದದ್ದು. ದೊರೈಸಾಮಿಗೆ ಆ ಪದ ಎಷ್ಟು ಹಿಡಿಸಿತೆಂದರೆ ಅನ್ನ ಕಲಸುತ್ತ ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದ. "ಸೊಗಸಾಗದೆ ಕಣೇ" ಎಂದ. ಸಂಜೆ ಪದ್ಮಾಕ್ಷಿ ಬಂದಾಗ ಅವಳಿಗೂ ಹೇಳಿದ.

ಅದೇ ವಾರ ರಂಗಸಾಮಿ ಬಂದ. ಮಗಳ ಮದುವೆ ಚಿತ್ತಿರೈ ತಿಂಗಳಲ್ಲಿ ಗೊತ್ತಾಗಿತ್ತು. ತಮ್ಮನನ್ನೂ ನಾದಿನಿಯನ್ನೂ ಕರೆದು ಹೋಗಲು ಬಂದವನು ಪಟ್ಟರೆಯ ನಡುವೆ ಹಿತ್ತಾಳೆ ಸೂರ್ಯನನ್ನೂ ಸಲಾಕೆಯನ್ನೂ ನೋಡಿದ. ಏನೆಂದು ಕೇಳಿದ. ತಿಳಿದದ್ದೇ ಮುಖ ಗಂಟಾಯಿತು.

"ವಾಲ್‌ನಕ್ಷತ್ರಾನ? ಮನೇಲಾ? ಲೇ ದೊರೈ, ಅದು ಕಂಡ್ರೇ ಕೇಡು ಅಂತ ನಮ್ಮಪ್ಪ ಯೋಳ್ತಿರ್ಲಿಲ್ವಾ? ರಾಜ್ಯಾನೇ ಮುಳುಗ್ತದೆ ಅಂತಾರೆ. ನೀನು ಹಲಗೆ ಮೇಲೆ ಕೂರ್ಸಿ ಪೂಜೆ ಮಾಡ್ತಾ ಇದೀಯ. ಇದೇ ಕೈಯಲ್ಲಿ ಬಂದು ನನ್ನ ಮಗಳಿಗೆ ಅಕ್ಷತೆ ಹಾಕ್ತೀಯಾ?"

"ಅಣ್ಣಾ, ಇದು ಮರ. ಕೇಡು ಮಾಡಾಕೆ ಇದಕ್ಕೆ ಬಾಯಿಲ್ಲ."

"ಮರವೋ ಕಲ್ಲೋ, ನಂಗೊತ್ತಿಲ್ಲ. ಮದುವೆ ಮುಗಿಯೋಗಂಟ ಇದು ಈ ಮನೇಲಿ ಇರಬಾರ್ದು. ಇದ್ರೆ ನೀನು ಬರಾದು ಬೇಡ."

ರಂಗಸಾಮಿ ಕೆಟ್ಟವನಲ್ಲ. ತಮ್ಮ ಚಿಕ್ಕವನಿದ್ದಾಗ ಹೆಗಲ ಮೇಲೆ ಹೊತ್ತು ಅಮರಾವತಿ ದಾಟಿಸಿದವನು. ಅವನ ದನಿಯಲ್ಲಿದ್ದುದು ಸಿಟ್ಟಿಗಿಂತ ಹೆಚ್ಚು ಭಯ. ಅದು ದೊರೈಸಾಮಿಗೆ ಕೇಳಿಸಿತು. ಕೆಲಸ ನಿಲ್ಲಿಸುವ ಮಾತಂತೂ ಅವನಿಗೆ ಹೊಳೆಯಲೇ ಇಲ್ಲ. ಅಣ್ಣನಿಗೆ ಹೇಳಿದ, "ಸರಿಣ್ಣ. ಈ ಮನೇಲಿ ಇರಾದಿಲ್ಲ. ನಾಳೆಯೇ ಆಚೆ ಕಳಿಸ್ತೀನಿ."

ಮಾರನೆಯ ದಿನ ಎತ್ತಿನ ಗಾಡಿಯಲ್ಲಿ ಹಲಗೆ, ಚಕ್ರ, ಉಳಿ, ಅರ ಎಲ್ಲವನ್ನೂ ಹೇರಿಕೊಂಡು ದೊರೈಸಾಮಿ ಶಾಲೆಗೆ ಹೋದ. ಪದ್ಮಾಕ್ಷಿ ಗಾಬರಿಯಾದಳು. "ಇನ್ನೂ ಮುಗಿದಿಲ್ಲವಲ್ಲ ಗೌಡ್ರೆ!"

"ಇಲ್ಲೇ ಮುಗಿಸ್ತೀನಿ. ಒಂದು ಜಗುಲಿ ಕೊಡಿ ಸಾಕು. ದಿನಾ ಬೆಳಿಗ್ಗೆ ಇಲ್ಲಿ, ಮಧ್ಯಾಹ್ನದ ಮೇಲೆ ಪಂಪು."

ಅಣ್ಣನ ಹಟ ಕೊನೆಗೆ ಒಳ್ಳೆಯದನ್ನೇ ಮಾಡಿತು. ಪಟ್ಟರೆಯಲ್ಲಿ ಕೆಲಸ ನೋಡಲು ಒಂದು ಜೊತೆ ಕಣ್ಣಿದ್ದವು. ಶಾಲೆಯ ಜಗುಲಿಯಲ್ಲಿ ಕೈಗಳ ಸಂತೆಯೇ ನೆರೆಯಿತು. ಗಂಟೆ ಹೊಡೆದರೆ ಸಾಕು, ಹುಡುಗಿಯರು ಗೋಡೆ ಹಿಡಿದು ಬಂದು ಸುತ್ತ ಕೂರುತ್ತಿದ್ದರು. ದೊರೈಸಾಮಿ ನೋಡಿ ನಯವಾಗಿದೆ ಎಂದುಕೊಂಡ ಕಡೆ ಅವರ ಬೆರಳು ಏನಾದರೂ ಹಿಡಿಯುತ್ತಿತ್ತು. ಅಂಚು ಕೊರೆಯುತ್ತದೆ ಎಂದಳು ಒಬ್ಬಳು. ಸೂರ್ಯ ತಣ್ಣಗಿದ್ದಾನೆ ಎಂದು ಇನ್ನೊಬ್ಬಳು ನಕ್ಕಳು. ಅವತ್ತಿನಿಂದ ದೊರೈಸಾಮಿ ಸೂರ್ಯನನ್ನು ಬಿಸಿಲಿಗೆ ಇಟ್ಟು ಕಾಯಿಸಿ ತಂದು ಕೂರಿಸತೊಡಗಿದ. ಮಕ್ಕಳ ಬೆರಳು ಆ ಬಿಸಿಗೆ ತಾಗಿದಾಗ ಒಂದು ಸಣ್ಣ ಕೂಗು ಏಳುತ್ತಿತ್ತು.

ಆದರೆ ಹಲ್ಲುಚಕ್ರ ಕೈಕೊಟ್ಟಿತು. ಹಿಡಿ ತಿರುಗಿಸಿದರೆ ಮುಕ್ಕಾಲು ಸುತ್ತು ಚೆನ್ನಾಗಿ ಹೋಗಿ ಒಂದು ಕಡೆ ಗಕ್ಕನೆ ನಿಲ್ಲುತ್ತಿತ್ತು. ದೊರೈಸಾಮಿ ಬಿಚ್ಚಿ ನೋಡಿದ, ಜೋಡಿಸಿದ, ಮತ್ತೆ ಬಿಚ್ಚಿದ. ಎಲ್ಲ ಹಲ್ಲೂ ಒಂದೇ ಸಮ ಕಾಣುತ್ತಿದ್ದವು. ಮೂರನೆಯ ದಿನ ಅವನಿಗೆ ನಿಜವಾಗಿಯೂ ಬೇಸರ ಬಂತು. ಕಂಬಕ್ಕೆ ಒರಗಿ ಕೂತ. ಕೈಯಲ್ಲಾಗದ್ದಕ್ಕೆ ಕೈ ಹಾಕಿದೆನೇ ಎಂಬ ಯೋಚನೆ ಅವನಿಗೆ ಎಷ್ಟೋ ವರ್ಷದ ಮೇಲೆ ಬಂದಿತ್ತು.

"ಮಾಮಾ, ಒಂದು ಕೈ ನಂಗೆ ಕೊಡಿ" ಎಂದಳು ಪಕ್ಕದಲ್ಲಿದ್ದ ರಾಮಾತಾಳ್. "ನೀವು ಮೆಲ್ಲಗೆ ಹಿಡಿ ತಿರುಗ್ಸಿ. ನಾನು ಹಲ್ಲು ಹಿಡ್ಕೊತೀನಿ."

"ಬೆರಳು ಸಿಕ್ಕೊಂಡಾತು ಕೂಸೇ."

"ಚೆಕ್ಕಲ್ಲಿ ಸಿಕ್ಕಾಕೊಳ್ದೋಳು ಇಲ್ಲಿ ಸಿಕ್ಕಾಕೊತೀನಾ?"

ಅವನು ಇರುವೆ ನಡೆದಷ್ಟು ಮೆಲ್ಲಗೆ ತಿರುಗಿಸಿದ. ಅವಳು ಚಕ್ರದ ಪಕ್ಕಕ್ಕೆ ಬೆರಳ ತುದಿ ಆನಿಸಿ ತಲೆ ಓರೆ ಮಾಡಿ ಕೂತಳು. ಚಕ್ರ ನಿಲ್ಲುವ ಮೊದಲೇ "ಇಲ್ಲಿ ಎಡವ್ತದೆ" ಎಂದಳು. "ನಿಲ್ಲಾದು ಅಲ್ಲಿ. ಆದ್ರೆ ಎಡವಾದು ಇಲ್ಲಿ, ಎರಡು ಹಲ್ಲು ಮುಂಚೆ." ದೊರೈಸಾಮಿ ಇಷ್ಟು ದಿನ ಚಕ್ರ ನಿಂತ ಕಡೆಯ ಹಲ್ಲನ್ನೇ ಅರದಿಂದ ಉಜ್ಜುತ್ತಿದ್ದ. ಎಡವಿದ ಹಲ್ಲನ್ನು ಅವನು ನೋಡಿಯೇ ಇರಲಿಲ್ಲ. ಮರ ಉಜ್ಜುವ ಉಪ್ಪುಕಾಗದದ ಚೂರೊಂದನ್ನು ಅವಳ ಕೈಗಿಟ್ಟ. "ನೀನೇ ಉಜ್ಜು" ಎಂದ. ಅವಳು ಉಜ್ಜಿದಳು, ಅವನು ತಿರುಗಿಸಿದ. ಮತ್ತೆ ಉಜ್ಜಿದಳು. ಊಟದ ಗಂಟೆ ಹೊಡೆಯುವ ಹೊತ್ತಿಗೆ ಚಕ್ರ ಪೂರ್ತಿ ಒಂದು ಸುತ್ತು ಬಂತು.

ಆ ಜೊತೆ ಚಕ್ರವನ್ನೇ ಪ್ಯಾಟರ್ನ್ ಮಾಡಿ, ದೊರೈಸಾಮಿಯ ಸ್ನೇಹಿತ ಮಾರಿಮುತ್ತು ತನ್ನ ಎರಕದ ಮನೆಯಲ್ಲಿ ಅಲ್ಯುಮಿನಿಯಮ್ಮಿನಲ್ಲಿ ಹೊಯ್ದುಕೊಟ್ಟ. ಮಾರ್ಚಿ ತಿಂಗಳ ಒಂದು ಬೆಳಿಗ್ಗೆ ಎಲ್ಲವನ್ನೂ ಜೋಡಿಸಿ ಮುಗಿಸಿದರು. ಮೊದಲು ತಿರುಗಿಸುವವಳು ರಾಮಾತಾಳ್ ಎಂಬುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ.

ಅವಳು ಬಲಗೈಯಲ್ಲಿ ಹಿಡಿ ತಿರುಗಿಸುತ್ತ ಎಡಗೈಯನ್ನು ಚುಕ್ಕಿಯ ಮೇಲಿಟ್ಟಳು. ದೂರದ ಕೊನೆಯಲ್ಲಿ ಚುಕ್ಕಿ ತೆವಳಿತು. ತಿರುವು ದಾಟಿ ಸೂರ್ಯನ ಕಡೆ ಹೊರಟಂತೆ ಅದಕ್ಕೆ ಚುರುಕು ಬಂತು. ಬಿಸಿ ಸೂರ್ಯನ ಪಕ್ಕ ಬಂದಾಗ ಅವಳ ಕೈಯಿಂದ ಜಾರಿಯೇ ಹೋಯಿತು. "ಓಡ್ತು! ಓಡ್ತು!" ಎಂದು ಕೂಗಿದಳು. ಎರಡನೆಯ ಸುತ್ತಿಗೆ ಕೈಯನ್ನು ಬಾಲದ ಮೇಲಿಟ್ಟಳು. ಬಾಲ ಹೊರಗೇ ಇತ್ತು. ವಾಪಸ್ಸು ಹೊರಟಾಗ ಬಾಲವೇ ಮುಂದೆ ಹೋಯಿತು. ಅವಳು ತೃಪ್ತಿಯಿಂದ ತಲೆಯಾಡಿಸಿದಳು. ಹಠಾತ್ತನೆ ಹಿಡಿ ನಿಲ್ಲಿಸಿದಳು.

"ಮಾಮಾ, ಬಾಲ ಒಂದೇ ಅಳತೆ ಇಲ್ಲ. ಸೂರ್ಯನ ಹತ್ರ ಬಂದ್ರೆ ಬಾಲ ಉದ್ದ ಆಯ್ತದೆ. ದೂರ ಓದ್ರೆ ಮೊಂಡ. ತಪ್ಪಾಗದೆ."

ದೊರೈಸಾಮಿ ಬಗ್ಗಿ ನೋಡಿದ. ನಿಜ. ಸಲಾಕೆ ಇದ್ದಷ್ಟೇ ಇತ್ತು. ಚುಕ್ಕಿ ಸೂರ್ಯನ ಹತ್ತಿರ ಜಾರಿದಾಗ ಆಚೆಗೆ ಉಳಿಯುವುದು ಹೆಚ್ಚು, ದೂರ ಜಾರಿದಾಗ ಉಳಿಯುವುದು ಕಡಿಮೆ. ಅದನ್ನು ಅವನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹೇಗೆ ಸರಿಮಾಡುವುದೆಂದು ಯೋಚಿಸುತ್ತ ಪದ್ಮಾಕ್ಷಿಯ ಕಡೆ ತಿರುಗಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

"ಮುಟ್ಟಬೇಡಿ! ಏನೂ ಮುಟ್ಟಬೇಡಿ!" ಎಂದಳು. "ಅದು ಹಾಗೇ ಇರೋದು. ಸೂರ್ಯನ ಬಿಸಿ ತಾಗಿದರೇ ಬಾಲ ಬೆಳೆಯೋದು. ದೂರ ಹೋದರೆ ಕುಗ್ಗಿಹೋಗತ್ತೆ. ಇದನ್ನ ಹೇಗೆ ಮಾಡಿಸೋದು ಅಂತ ಗೊತ್ತಾಗದೆ ನಾನು ನಿಮಗೆ ಹೇಳೇ ಇರಲಿಲ್ಲ ಗೌಡ್ರೆ."

ದೊರೈಸಾಮಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಕಣ್ಣಲ್ಲಿ ನೀರು ಬಂದಿತ್ತು, ನಗುತ್ತಲೂ ಇದ್ದ. ಯಾರೂ ಕೇಳದ್ದನ್ನೂ ಕೆಲಸವೇ ತಾನಾಗಿ ಕೊಟ್ಟ ದಿನ ಅವನ ಬದುಕಿನಲ್ಲಿ ಅದೊಂದೇ.

ಏಪ್ರಿಲ್ ಬಂತು. ಪದ್ಮಾಕ್ಷಿ ಮನೆಯ ತಾರಸಿ ಹತ್ತಿ ನಿಜವಾದ ಧೂಮಕೇತುವನ್ನು ನೋಡಿ ಬಂದಳು. ಮಂಕಾಗಿ, ಅರ್ಧ ಒರೆಸಿದ ಸೀಮೆಸುಣ್ಣದ ಗುರುತಿನಂತೆ ಇತ್ತಂತೆ. ಊರಿನ ತುಂಬಾ ಜನ ನಿರಾಸೆಯಲ್ಲಿ ಗೊಣಗುತ್ತಿದ್ದರು. ಶಾಲೆಯ ಜಗುಲಿಯಲ್ಲಿ ಮಾತ್ರ ಅದು ದಿನಕ್ಕೆ ನೂರು ಸಲ ಬಂದು ಹೋಗುತ್ತಿತ್ತು. ಬೇರೆ ಶಾಲೆಗಳಿಂದ ಕಣ್ಣಿರುವ ಮಕ್ಕಳನ್ನೂ ಕರೆತಂದರು. ಅವರಿಗೆ ವಿವರಿಸುವ ಕೆಲಸ ರಾಮಾತಾಳಿನದು. ಅತಿಥಿಯೊಬ್ಬರು ಇದನ್ನು ಮಾಡಿದ ಇಂಜಿನಿಯರ್ ಯಾರು ಎಂದು ತಮಿಳಿನಲ್ಲಿ ಕೇಳಿದಾಗ ಅವಳು "ಇಂಜಿನಿಯರ್ ಇಲ್ಲ, ಕನಸಾರಿ" ಎಂದಳು. ಹಾಗೆಂದರೇನು ಎಂದರು ಅವರು. "ಮನಸ್ಸಲ್ಲಿರೋದನ್ನ ಕೈಗೆ ತಂದು ಕೊಡೋರು. ನಾವು ಮೂವರು ಇದ್ದೀವಿ" ಎಂದಳು. ದೂರದಲ್ಲಿ ನಿಂತಿದ್ದ ಪದ್ಮಾಕ್ಷಿ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಆ ಪದದಲ್ಲಿ ತನಗೂ ಜಾಗವಿದೆ ಎಂದು ಅವಳಿಗೆ ತೋಚಿರಲಿಲ್ಲ.

ಮದುವೆಯೂ ಚೆನ್ನಾಗಿ ನಡೆಯಿತು. ದೊರೈಸಾಮಿ ಅಕ್ಷತೆ ಹಾಕಿದ, ಊಟದ ಪಂಕ್ತಿಯಲ್ಲಿ ನಿಂತು ಬಡಿಸಿದ. ಅದಾಗಿ ವಾರಕ್ಕೆ ರಂಗಸಾಮಿ ಒಂದು ಬುಟ್ಟಿ ತಿಂಡಿ ಹೊತ್ತು ಬಂದು, ತಮ್ಮನೊಡನೆ ಶಾಲೆಗೂ ಹೋದ. ಬಹಳ ಹೊತ್ತು ದೂರದಲ್ಲೇ ನಿಂತಿದ್ದ. ರಾಮಾತಾಳ್ ಅವನ ಉಸಿರಿನ ಸದ್ದು ಹಿಡಿದು "ಯಾರೋ ದೊಡ್ಡೋರು ಬಂದವ್ರೆ. ವಾಂಗ, ಬನ್ನಿ, ಕೈ ಕೊಡಿ" ಎಂದು ಅವನ ಒರಟು ಕೈಯನ್ನು ಹಿಡಿಯ ಮೇಲಿಟ್ಟಳು. ಅವನು ಒಂದು ಸುತ್ತು ತಿರುಗಿಸಿದ, ಇನ್ನೊಂದು ಸುತ್ತು.

"ಪಾಪ, ಇದು ಅದರ ಪಾಡಿಗೆ ಅದು ಸುತ್ಕೊಂಡು ಓಯ್ತದಲ್ಲ" ಎಂದ ಕೊನೆಗೆ. "ಯಾರಿಗೆ ಏನು ಮಾಡ್ತದೆ ಇದು?" ಹಿಡಿಯಿಂದ ಕೈ ತೆಗೆಯುತ್ತ ಸೇರಿಸಿದ, "ಆದ್ರೂ ಮದುವೆ ಮುಗಿದ ಮೇಲೆ ಬಂದದ್ದೇ ಒಳ್ಳೇದಾಯ್ತು."

ಬೇಸಿಗೆ ರಜ ಶುರುವಾಗುವ ಹಿಂದಿನ ದಿನ ದೊರೈಸಾಮಿ ಪದ್ಮಾಕ್ಷಿಯ ಬಳಿ ಬಂದ. "ಟೀಚರಮ್ಮ, ಪ್ಯಾಟರ್ನ್ ಕೆಲಸದಲ್ಲಿ ಕೊನೇಗೆ ಎಲ್ಲಾ ಬೆರಳಲ್ಲೇ ನೋಡಾದು. ಕಣ್ಣು ಮೋಸ ಮಾಡ್ತದೆ. ಆ ಕೂಸಿಗೆ ಈ ವೇಲೆ ಕಲಿಸ್ಬೇಕು ಅಂತ ನಂಗೆ ಆಸೆ. ಚಿನ್ನತಾಯಿ ಜೊತೇಲೇ ಇರ್ತಾಳೆ. ಅವರಪ್ಪನ್ನ ಕೇಳ್ತೀರಾ?"

ಅಪ್ಪ ಆನೈಮಲೈಯಿಂದ ಬಂದ, ಪಟ್ಟರೆ ನೋಡಿದ, ಚಿನ್ನತಾಯಿಯ ಕೈಯಲ್ಲಿ ಊಟ ಮಾಡಿದ. ಹುಡುಗಿಯನ್ನು ಕರೆದು "ನಿಂಗೆ ಇಷ್ಟಾನಾ?" ಎಂದು ಒಂದೇ ಮಾತು ಕೇಳಿದ. ಅವಳು ಆಗಲೇ ಮರದ ರಾಶಿಯ ಮುಂದೆ ಕೂತು ಒಂದೊಂದೇ ತುಂಡನ್ನು ಮೂಸಿ, ತೇಗ ಯಾವುದು ಬೇರೆ ಯಾವುದು ಎಂದು ವಿಂಗಡಿಸುತ್ತಿದ್ದಳು.

"ಮೊದಲು ಏನು ಮಾಡಾದು ಕಲೀತೀಯ?" ಎಂದು ದೊರೈಸಾಮಿ ಕೇಳಿದ. "ಪಂಪಿನ ಮುಚ್ಚಳ? ಗಾಲಿ?"

"ಅದು ಆಮೇಲೆ ಕಲೀತೀನಿ. ಮೊದ್ಲು ನಮ್ಮ ಶಾಲೆಯಿಂದ ಬಸ್ ಸ್ಟ್ಯಾಂಡಿಗೆ ಓಗೋ ದಾರಿ ಮಾಡ್ಬೇಕು. ಹಲಗೆ ಮೇಲೆ. ತಿರುವು, ಚರಂಡಿ, ಟೀ ಅಂಗಡಿ ಎಲ್ಲಾ ಇರ್ಬೇಕು. ಮುಟ್ಟಿ ಕಲ್ತುಕೊಂಡ್ರೆ ನಾವೆಲ್ಲಾ ಒಬ್ಬೊಬ್ರೇ ಊರಿಗೆ ಓಗ್ಬೋದು, ಯಾರಿಗೂ ಕಾಯಾದು ಬೇಡ."

ದೊರೈಸಾಮಿ ಅವಳ ಮುಂದೆ ಒಂದು ಅಗಲದ ಹಲಗೆಯನ್ನು ಎಳೆದು ಹಾಕಿದ. ಉಳಿಯನ್ನು ಹೇಗೆ ಹಿಡಿಯಬೇಕೆಂದು ಬೆರಳು ಬೆರಳನ್ನೂ ಕೂರಿಸಿ ತೋರಿಸಿದ. "ಎಲ್ಲಿಂದ ಶುರು?"

"ಗೇಟಿಂದ" ಎಂದಳು ರಾಮಾತಾಳ್. ಎಡಗೈಯಲ್ಲಿ ಹಲಗೆಯ ಅಂಚನ್ನು ಹುಡುಕಿಕೊಂಡು ಉಳಿಯನ್ನು ಊರಿದಳು.